ಕೋಡಿನ ಬುಡ

ಹುಣಸೀಕಟ್ಟಿ ಕಡೆ

ಮಳೆ ಹೊಳವಾದ ಬೆಳಿಗ್ಗೆ ಚಿಗರಿಗಳು ನೀಲಗಿರಿ ತೋಪಿನಿಂದ ಹೊರಬಂದು ಗೋವಿನಜೋಳದ ಹೊಲದ ಬದುವಿನಲ್ಲಿ ನಿಲ್ಲುತ್ತವೆ. ಹೆಣ್ಣು ಮತ್ತು ಮರಿಗಳ ಹಿಂಡು ಮುಂದೆ, ಕರಿ ಗಂಡು ತುಸು ಹಿಂದೆ. ರಾಣೆಬೆನ್ನೂರಿನ ಈ ಕಾಡು 1974ರಲ್ಲಿ ಕೃಷ್ಣಮೃಗದ ಅಭಯಾರಣ್ಯವಾಯಿತು. ವಿಸ್ತಾರ 119 ಚದರ ಕಿಲೋಮೀಟರ್. ಕುರುಚಲು, ಹುಲ್ಲು, ಸಾಲು ಹಿಡಿದು ನೆಟ್ಟ ನೀಲಗಿರಿ, ಅಷ್ಟೇ. ಕೂತು ನೋಡುವವರಿಗೆ ಇದೇ ಅನುಕೂಲ. ಕಣ್ಣು ದೂರದವರೆಗೆ ಹೋಗುತ್ತದೆ.

ಕರಿ ಗಂಡು ಜಾಲಿ ಗಿಡಕ್ಕೆ ಕೋಡು ತಿಕ್ಕತೊಡಗಿತು. ಗಿಡದ ತೊಗಟೆ ಎದ್ದು ಬಂತು, ಎಲೆ ಉದುರಿತು, ಒಂದು ಮುಳ್ಳಿನ ಕಡ್ಡಿ ಕೋಡಿನ ತಿರುವಿಗೆ ಸಿಕ್ಕಿಕೊಂಡಿತು. ಕೋಡಿಗೆ ಏನೂ ಆಗಲಿಲ್ಲ. ಅಲ್ಲೇ ಇನ್ನೊಂದು ಮುದಿ ಗಂಡಿನ ಎಡಗೋಡಿನ ತುದಿ ಮುರಿದಿದೆ. ಮುರಿದ ತುದಿ ಮತ್ತೆ ಚಿಗುರುವುದಿಲ್ಲ. ಕಡವೆ, ಸಾರಗಗಳ ಕೊಂಬು ಉದುರಿ ಹೊಸದಾಗಿ ಬರುತ್ತದೆ, ಚಿಗರಿಯದು ಹಾಗಲ್ಲ. ಮೂಡಿದಂದಿನಿಂದ ಸಾಯುವ ತನಕ ಅದೇ ಕೋಡು. ಬೆಳವಣಿಗೆಯೆಲ್ಲ ಬುಡದಲ್ಲಿ. ತುದಿಯೆಂದರೆ ಆ ಪ್ರಾಣಿ ಮರಿಯಾಗಿದ್ದಾಗ ಕಟ್ಟಿದ ಭಾಗ.

ಕೋಡಿನ ಒಳಗೆ ಮೂಳೆಯ ಗೂಟವಿದೆ. ಮೂಳೆಯ ಮೇಲೆ ಜೀವಂತ ಚರ್ಮದ ತೆಳು ಪದರ. ಅದರ ಮೇಲೆ ನಾವು ಕಾಣುವ ಕರಿಯ, ಉಂಗುರ ಉಂಗುರದ ಚಿಪ್ಪು. ಈ ಚಿಪ್ಪೂ ಚರ್ಮದ್ದೇ ಮಗು. ಬುಡದಲ್ಲಿರುವ ಜೀವಕೋಶ ಎರಡಾಗಿ ಒಡೆಯುತ್ತದೆ. ಒಂದು ಅಲ್ಲೇ ಉಳಿಯುತ್ತದೆ, ಇನ್ನೊಂದು ಮೇಲಕ್ಕೆ ಸರಿಯುತ್ತದೆ. ಸರಿಯುತ್ತ ಸರಿಯುತ್ತ ತನ್ನೊಳಗೆ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನನ್ನು ತುಂಬಿಕೊಂಡು, ತನ್ನ ಕೇಂದ್ರವನ್ನೇ ಕರಗಿಸಿಕೊಂಡು, ಅಕ್ಕಪಕ್ಕದವುಗಳಿಗೆ ಬಿಗಿಯಾಗಿ ಅಂಟಿ ಸಾಯುತ್ತದೆ. ಸತ್ತ ಮೇಲೆಯೇ ಅದರ ನಿಜವಾದ ಉಪಯೋಗ. ಚಿಗರಿ ಗಿಡಕ್ಕೆ ಗುದ್ದುವುದು ಲಕ್ಷಾಂತರ ಕೋಶಗಳ ಚೊಕ್ಕ ಸಾವಿನಿಂದ.

ನಮ್ಮ ಚರ್ಮ, ಉಗುರು, ಎತ್ತಿನ ಗೊರಸು, ಹಾವಿನ ಪೊರೆ, ಹಕ್ಕಿಯ ಗರಿ ಎಲ್ಲವೂ ಇದೇ ಕಸುಬು. ಬಾಯಿಯ ಒಳಮೈ, ಅನ್ನನಾಳ, ಕರುಳು, ಮೂಗಿನ ಒಳಗೋಡೆಗಳಲ್ಲಿ ಇದರ ಬೇರೆ ಬೇರೆ ಬಗೆಗಳಿವೆ. ದೇಹದ ಹೊರಗನ್ನೂ ಒಳಗನ್ನೂ ಬೇರ್ಪಡಿಸುವ ಈ ಹೊದಿಕೆಗೆ ಶಾಲೆಯ ಪುಸ್ತಕದಲ್ಲಿ ಅನುಲೇಪಕ ಅಂಗಾಂಶ ಎನ್ನುತ್ತಾರೆ. ಮನುಷ್ಯನ ಮೈಚರ್ಮದ ಹೊರಪದರ ಸುಮಾರು ಒಂದೆರಡು ತಿಂಗಳೊಳಗೆ ಪೂರ್ತಿ ಹೊಸದಾಗುತ್ತದೆ. ಕರುಳಿನ ಒಳಪದರಕ್ಕೆ ಮೂರರಿಂದ ಐದು ದಿನ ಸಾಕು. ಇಷ್ಟು ವೇಗವಾಗಿ ಒಡೆಯುವ ಕೋಶಗಳ ನಡುವೆ ಗಡ್ಡೆ ಏಳುವುದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು ಬಹುಪಾಲು ಸಲ ಗಡ್ಡೆ ಏಳದಿರುವುದರಲ್ಲಿ. ಕೋಶಕ್ಕೆ ಬೆಳೆಯುವುದು ಸುಲಭ. ಎಲ್ಲಿ ನಿಲ್ಲಬೇಕು, ಹೇಗೆ ಮುಗಿಯಬೇಕು ಎಂಬುದನ್ನು ಹೇಳುವವರು ಬೇಕು.

ಪೇಟೆಯ ಸಾಲು

ಹೇಳುವವರು ಜೀನ್ ನಿಯಂತ್ರಕಗಳು. ಚಿಗರಿಯ ಕಣ್ಣಿನ ಕೋಶದಲ್ಲೂ ಕೋಡಿನ ಕೋಶದಲ್ಲೂ ಇರುವ ಡಿಎನ್‌ಎ ಒಂದೇ. ಹಾವೇರಿಯ ಪೇಟೆಯ ಸಾಲಿನಲ್ಲಿ ಎಲ್ಲ ಅಂಗಡಿಯೂ ಇದ್ದರೂ ಬಾಗಿಲು ತೆರೆದ ಅಂಗಡಿಯಲ್ಲಷ್ಟೇ ವ್ಯಾಪಾರ ನಡೆಯುವಂತೆ, ಒಂದೊಂದು ಕೋಶದಲ್ಲಿ ಕೆಲವು ಜೀನ್‌ಗಳು ಮಾತ್ರ ತೆರೆದಿರುತ್ತವೆ. ಡಿಎನ್‌ಎಯ ನಿರ್ದಿಷ್ಟ ಜಾಗಕ್ಕೆ ಹೋಗಿ ಕೂತು ಇದನ್ನು ತೆರೆ, ಅದನ್ನು ಮುಚ್ಚು ಎನ್ನುವ ಪ್ರೋಟೀನುಗಳೇ ಈ ನಿಯಂತ್ರಕಗಳು.

ಹೊದಿಕೆಯ ಬುಡದ ಸಾಲಿನಲ್ಲಿ ಪಿ63 ಎಂಬುದು ಕಾವಲಿದೆ. ಬುಡದ ಕೋಶಗಳನ್ನು ಬುಡದ ಕೋಶಗಳಾಗಿ ಉಳಿಸುವುದು ಅದರ ಕೆಲಸ. 1999ರಲ್ಲಿ ಪಿ63 ಇಲ್ಲದ ಇಲಿಮರಿಗಳನ್ನು ಹುಟ್ಟಿಸಿ ನೋಡಿದಾಗ ಅವುಗಳಿಗೆ ಸರಿಯಾದ ಚರ್ಮವೇ ಕೂಡಿರಲಿಲ್ಲ, ಕೈಕಾಲು ಅರ್ಧಕ್ಕೇ ನಿಂತಿದ್ದವು. ಬುಡ ಬಿಟ್ಟು ಮೇಲೆ ಸರಿದ ಕೋಶಕ್ಕೆ ನಾಚ್ ಎಂಬ ಪ್ರೋಟೀನಿನ ಮೂಲಕ ನೆರೆಯ ಕೋಶದಿಂದ ಸುದ್ದಿ ಬರುತ್ತದೆ: ಒಡೆಯುವುದನ್ನು ಬಿಡು, ಗಟ್ಟಿಯಾಗು. ಚರ್ಮದಲ್ಲಿ ನಾಚ್ ತೆಗೆದುಹಾಕಿದ ಇಲಿಗಳಿಗೆ ಗಡ್ಡೆ ಬಂದದ್ದು 2003ರಲ್ಲಿ ಪ್ರಕಟವಾಯಿತು. ಡಿಎನ್‌ಎಗೆ ಪೆಟ್ಟು ಬಿದ್ದ ಕೋಶವನ್ನು ತಡೆದು ನಿಲ್ಲಿಸಿ, ದುರಸ್ತಿ ಆಗದಿದ್ದರೆ ಸಾಯಲು ಹಚ್ಚುವುದು ಪಿ53. 1979ರಿಂದ ವಿಜ್ಞಾನಿಗಳಿಗೆ ಪರಿಚಿತವಾದ ಇದು ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಅತಿ ಹೆಚ್ಚು ಸಲ ಕೆಟ್ಟಿರುವ ಜೀನ್.

ಹಾವೇರಿ, ದನದ ಪೇಟೆ

ಈ ನಿಯಂತ್ರಕಗಳು ಕೆಟ್ಟರೆ ಏನಾಗುತ್ತದೆ ಎಂಬುದನ್ನು ನೋಡಲು ಸೂಕ್ಷ್ಮದರ್ಶಕ ಬೇಕಿಲ್ಲ. ಹಾವೇರಿಯ ದನದ ಪೇಟೆಯಲ್ಲಿ ಎತ್ತು ಕೊಳ್ಳುವವರ ಹಿಂದೆ ಸುಮ್ಮನೆ ಓಡಾಡಿದರೆ ಸಾಕು. ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಅನುಭವಸ್ಥರು ಅಷ್ಟಕ್ಕೇ ಬಿಡುವುದಿಲ್ಲ, ಎರಡೂ ಕೋಡುಗಳ ಬುಡ ಹಿಡಿದು ಮೆಲ್ಲಗೆ ಅಲುಗಿಸುತ್ತಾರೆ. ಯಾಕೆಂದು ಒಬ್ಬ ಯಜಮಾನರನ್ನು ಕೇಳಿದೆ.

“ಬುಡ ಹಿಡಿದಾಗ ಎತ್ತು ತಲಿ ಕೊಡವಿದ್ರ ನಾ ಮುಂದ ಹೋಗ್ತೀನ್ರಿ” ಎಂದರು. “ಒಳಗ ಕೋಡು ಕೊಳಿತಿರತೈತಿ. ಮ್ಯಾಲೆ ನೋಡಾಕ ಛಲೋನ ಕಾಣತೈತಿ.”

“ಮೊದಲ ಹ್ಯಾಂಗ ಗೊತ್ತಾಗತೈತ್ರಿ?”

“ಒಂದ ಮೂಗಿನ್ಯಾಗ ರಕ್ತ. ಎರಡೂ ಮೂಗಿನ್ಯಾಗ ಬಂದ್ರ ಬ್ಯಾರೆ ಬ್ಯಾನಿ. ಒಂದರಾಗ ಬಂದ್ರ ಅದ ಕಡೀ ಕೋಡು ನೋಡ್ರಿ.”

ಪಶುವೈದ್ಯರ ಪುಸ್ತಕದಲ್ಲಿ ಇದಕ್ಕೆ ಕೋಡಿನ ಕ್ಯಾನ್ಸರ್ ಎಂದು ಹೆಸರು. ಭಾರತದ ಡುಬ್ಬದ ದನಗಳ ಕಾಯಿಲೆಯೆಂದೇ ಇದು ಜಗತ್ತಿನಲ್ಲಿ ಪ್ರಸಿದ್ಧ. ಎಮ್ಮೆ ಕೋಣಗಳಲ್ಲಿ ಅಪರೂಪ. ಹೋರಿಗಳಲ್ಲೂ ಕಡಿಮೆ. ಹೆಚ್ಚಾಗಿ ಬರುವುದು ಬೀಜ ಒಡೆಸಿದ, ದುಡಿಯುವ ವಯಸ್ಸಿನ, ಅಂದರೆ ಸುಮಾರು 5ರಿಂದ 10 ವರ್ಷದ ಎತ್ತುಗಳಿಗೆ. ಉದ್ದ ಕೋಡಿನ ತಳಿಗಳಿಗೆ ಇನ್ನೂ ಹೆಚ್ಚು. ಹಾವೇರಿ ಸೀಮೆಯೆಂದರೆ ಉದ್ದ ಕೋಡಿನ ಸೀಮೆ. ಅಮೃತಮಹಲ್, ಹಳ್ಳಿಕಾರ್, ಖಿಲಾರಿ ಮೂರೂ ಇಲ್ಲಿ ಬೆರೆಯುತ್ತವೆ. ಬಂಕಾಪುರದ ಕೋಟೆಯೊಳಗೆ ನವಿಲುಧಾಮದ ಜೊತೆಯಲ್ಲೇ ಖಿಲಾರಿ ತಳಿ ಸಂವರ್ಧನಾ ಕೇಂದ್ರವಿದೆ. ದೀಪಾವಳಿಯಿಂದ ಶುರುವಾಗಿ ತಿಂಗಳುಗಟ್ಟಲೆ ನಡೆಯುವ ಕೊಬ್ಬರಿ ಹೋರಿ ಹಬ್ಬದಲ್ಲಿ ಕೊರಳಿಗೆ ಕೊಬ್ಬರಿ ಮಾಲೆ, ಕೋಡಿಗೆ ರಿಬ್ಬನ್ನು, ಬಲೂನು ಕಟ್ಟಿದ ಹೋರಿ ಜನರ ನಡುವೆ ನುಗ್ಗುತ್ತದೆ. ಅದರ ಅಂದವನ್ನೆಲ್ಲ ಹೊತ್ತಿರುವುದು ಕೋಡು.

ಈ ಕಾಯಿಲೆ ಶುರುವಾಗುವ ಜಾಗವನ್ನು ಗಮನಿಸಬೇಕು. ಕರುವಿನ ಎಳೆಗೋಡು ಒಳಗೆ ಗಟ್ಟಿ. ಅದು ಬೆಳೆದಂತೆ ಹಣೆಯ ಮೂಳೆಯೊಳಗಿನ ಗಾಳಿಗೂಡು ಕೋಡಿನ ಗೂಟದೊಳಕ್ಕೂ ಹಬ್ಬುತ್ತದೆ, ಕೋಡು ಟೊಳ್ಳಾಗುತ್ತದೆ. ಆ ಟೊಳ್ಳಿಗೂ ಮೂಗಿಗೂ ದಾರಿಯಿದೆ, ಒಳಮೈಗೆ ಮೂಗಿನಂಥದೇ ತೆಳು ಹೊದಿಕೆಯಿದೆ. ಎತ್ತರದ ಕೋಶಗಳು, ಅವುಗಳ ತಲೆಯ ಮೇಲೆ ಸದಾ ಅಲುಗುವ ಸೂಕ್ಷ್ಮ ರೋಮ, ಮೇಲೊಂದು ಲೋಳೆ. ಹೊರಗೆ ನಿಯಮ ತಪ್ಪದೆ ಸತ್ತು ಗಟ್ಟಿಯಾಗುವ ಹೊದಿಕೆ, ಒಳಗೆ ಮೃದುವಾಗಿ ಬದುಕುವ ಹೊದಿಕೆ. ನಡುವೆ ಬೆರಳಿನಷ್ಟೂ ದಪ್ಪವಿಲ್ಲದ ಮೂಳೆ.

ಗಡ್ಡೆ ಏಳುವುದು ಒಳಗಿನದರಲ್ಲಿ. ಎತ್ತರದ ಕೋಶಗಳು ತಮ್ಮ ಸ್ವರೂಪ ಬಿಟ್ಟು ಚರ್ಮದ ಕೋಶಗಳಂತೆ ಚಪ್ಪಟೆಯಾಗುತ್ತವೆ, ಕೆರಾಟಿನ್ ಕಟ್ಟಲು ತೊಡಗುತ್ತವೆ. ಆದರೆ ಕಟ್ಟಿ ಮುಗಿಸುವುದಿಲ್ಲ, ಸಾಯುವುದೂ ಇಲ್ಲ, ಒಡೆಯುತ್ತಲೇ ಹೋಗುತ್ತವೆ. ಟೊಳ್ಳು ತುಂಬುತ್ತದೆ, ಮೂಳೆ ಸವೆಯುತ್ತದೆ. ಎತ್ತು ಮೊದಲು ತಲೆ ಕೊಡವುತ್ತದೆ, ಕಂಬಕ್ಕೆ, ಮರಕ್ಕೆ ಕೋಡು ತಿಕ್ಕುತ್ತದೆ, ತಲೆಯನ್ನು ಒಂದು ಕಡೆಗೆ ವಾಲಿಸಿ ನಿಲ್ಲುತ್ತದೆ. ಆಮೇಲೆ ಕೋಡು ಬುಡದಲ್ಲಿ ಸಡಿಲಾಗಿ ಜೋಲುತ್ತದೆ. ಕೊನೆಗೆ ಕಳಚಿ ಬಿದ್ದಾಗ ಬುಡದಲ್ಲಿ ಹೂಕೋಸಿನಂಥ ಮಾಂಸ ಕಾಣುತ್ತದೆ, ಹುಳು ಬೀಳುತ್ತವೆ.

ಕಾರಣಗಳ ಪಟ್ಟಿಯಲ್ಲಿ ಪಶುವೈದ್ಯರು ಹಲವನ್ನು ಶಂಕಿಸುತ್ತಾರೆ: ನೊಗ ಮತ್ತು ಹಗ್ಗದ ತಿಕ್ಕಾಟ, ಕೋಡು ಹೆರೆಯುವುದು, ಬಿಸಿಲು, ಬೀಜ ಒಡೆಸಿದ ಮೇಲಿನ ಹಾರ್ಮೋನಿನ ಏರುಪೇರು. ಗುಜರಾತಿನಲ್ಲೂ ಕಾಂಕ್ರೇಜ್ ಎತ್ತುಗಳಿಗೆ ಇದೇ ಕಾಟ. ಅಲ್ಲಿನ ಆನಂದ್ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ರೋಗದ ಕೋಡಿನ ಮತ್ತು ಆರೋಗ್ಯದ ಕೋಡಿನ ಕೋಶಗಳಲ್ಲಿ ಯಾವ ಜೀನ್‌ಗಳು ಕೆಲಸ ಮಾಡುತ್ತಿವೆ ಎಂಬುದನ್ನು ಆರ್‌ಎನ್‌ಎ ಮೂಲಕ ಓದಿ ಹೋಲಿಸಿದ್ದಾರೆ.

ಬಾಳೆಹಣ್ಣಿನ ನೊಣ

ಪೇಟೆಯ ಬಾಳೆಹಣ್ಣಿನ ಗಾಡಿಯ ಮೇಲೆ ಹಾರುವ ಕೆಂಗಣ್ಣಿನ ಸಣ್ಣ ನೊಣವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಈ ಕುಲದ ನೊಣಗಳ ತಳಿಗಳನ್ನು ಸೀಸೆಗಳಲ್ಲಿ ಕಾಪಾಡುವ ಡ್ರಾಸೋಫಿಲಾ ಕೇಂದ್ರವೇ ಇದೆ. ಹೊದಿಕೆಯ ಶಿಸ್ತಿನ ಬಗ್ಗೆ ಲೋಕಕ್ಕೆ ಗೊತ್ತಾದದ್ದರಲ್ಲಿ ದೊಡ್ಡ ಪಾಲು ಈ ನೊಣದಿಂದ ಬಂದದ್ದು. ಗಡ್ಡೆ ತಡೆಯುವ ಜೀನ್ ಎಂಬುದೊಂದಿದೆ ಎಂದು ಯಾವುದೇ ಪ್ರಾಣಿಯಲ್ಲಿ ಮೊದಲು ತೋರಿಸಿಕೊಟ್ಟದ್ದೂ ಇದರ ಮರಿಹುಳುವೇ. 1960ರ ದಶಕದ ಕೊನೆಯಲ್ಲಿ ಎಲಿಸಬೆತ್ ಗಾಟೆಫ್ ಅದನ್ನು ಗುರುತಿಸಿದರು. ಆ ಜೀನ್ ಕೆಟ್ಟರೆ ಹೊದಿಕೆಯ ಕೋಶಕ್ಕೆ ತನ್ನ ಮೇಲ್ಗಡೆ ಯಾವುದು, ಕೆಳಗಡೆ ಯಾವುದು ಎಂಬುದು ತಪ್ಪಿಹೋಗುತ್ತದೆ. ದಿಕ್ಕು ತಪ್ಪಿದ ಕೋಶ ಗುಪ್ಪೆಗಟ್ಟುತ್ತದೆ.

1984ರಲ್ಲಿ ಜರ್ಮನಿಯಲ್ಲಿ ಕ್ರಿಸ್ಟಿಯಾನ್ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ಸಂಗಡಿಗರು ನೊಣದ ಭ್ರೂಣಗಳನ್ನು ಒಂದೊಂದಾಗಿ ನೋಡುತ್ತ ಮೈಕವಚ ಸರಿಯಾಗಿ ಕೂಡದ ಒಂದು ತಳಿಯನ್ನು ದಾಖಲಿಸಿದರು. ಅದರ ತಲೆಯ ಕವಚ ಪುಡಿಪುಡಿಯಾಗಿತ್ತು. ಆ ಜೀನಿಗೆ ಗ್ರೇನಿಹೆಡ್ ಎಂಬ ಹೆಸರು ಬಿತ್ತು. ಅದು ಹೊದಿಕೆಯ ಜೀನ್‌ಗಳ ಬಾಗಿಲು ತೆರೆಯುವ ನಿಯಂತ್ರಕ ಎಂದು ಮುಂದೆ ತಿಳಿಯಿತು. ಅದೇ ಮನೆತನದ ಮೂರು ಜೀನ್‌ಗಳು ಇಲಿಯಲ್ಲಿ, ಎತ್ತಿನಲ್ಲಿ, ನಮ್ಮಲ್ಲಿ ಇವೆ. ಬೂಷ್ಟಿನ ಜಾತಿಯ ನ್ಯೂರೋಸ್ಪೋರಾದಲ್ಲೂ ಈ ಮನೆತನವಿದೆ, ಅಲ್ಲಿ ಅದು ಕೋಶದ ಗೋಡೆಯನ್ನು ತಿದ್ದುತ್ತದೆ. ಹೊರಗು ಒಳಗುಗಳ ನಡುವಿನ ಗಡಿ ಕಟ್ಟುವ ಕೆಲಸ ಪ್ರಾಣಿಗಳಿಗಿಂತ ಹಳೆಯದು.

2005ರಲ್ಲಿ ಸೈನ್ಸ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಬರಹ ಬಂದವು. ಒಂದು ನೊಣದ ಮೇಲೆ, ಇನ್ನೊಂದು ಇಲಿಯ ಮೇಲೆ. ಎರಡರ ಸಾರವೂ ಒಂದೇ: ಮೈಗೆ ಗಾಯವಾದಾಗ ಹೊದಿಕೆಯನ್ನು ಮತ್ತೆ ಕೂಡಿಸಲು ಈ ಮನೆತನದ ನಿಯಂತ್ರಕ ಬೇಕು. ಅದಿಲ್ಲದ ಇಲಿಯ ಭ್ರೂಣದಲ್ಲಿ ಗಾಯ ಮುಚ್ಚಲಿಲ್ಲ, ಚರ್ಮ ನೀರನ್ನು ತಡೆಹಿಡಿಯಲಿಲ್ಲ. 2011ರಲ್ಲಿ ಮೆಲ್ಬರ್ನಿನ ತಂಡ ಇದರ ಇನ್ನೊಂದು ಮುಖವನ್ನು ತೋರಿಸಿತು. ಚರ್ಮದಲ್ಲಿ ಜಿಆರ್‌ಎಚ್‌ಎಲ್3 ಎಂಬ ಈ ನಿಯಂತ್ರಕ ಇಲ್ಲದ ಇಲಿಗಳಿಗೆ ಚಪ್ಪಟೆ ಕೋಶಗಳ ಕ್ಯಾನ್ಸರ್ ಬಂತು. ಎತ್ತಿನ ಕೋಡಿನೊಳಗೆ ಏಳುವುದೂ ಇದೇ ಬಗೆಯದು. ಬೆಳವಣಿಗೆಗೆ ಕಡಿವಾಣ ಹಾಕುವ ಪಿಟೆನ್ ಎಂಬ ಜೀನನ್ನು ಜಿಆರ್‌ಎಚ್‌ಎಲ್3 ತೆರೆದಿಡುತ್ತಿತ್ತು. ಅದು ಹೋದಾಗ ಕಡಿವಾಣವೂ ಹೋಯಿತು. ಇದೇ ಮನೆತನದ ಜಿಆರ್‌ಎಚ್‌ಎಲ್2 ಕೋಶಗಳನ್ನು ನೆರೆಯವುಗಳಿಗೆ ಅಂಟಿಸಿಡುವ ಇ-ಕ್ಯಾಡ್‌ಹೆರಿನ್ ಪ್ರೋಟೀನು ತಯಾರಾಗುವಂತೆ ನೋಡಿಕೊಳ್ಳುತ್ತದೆ. ಆ ಅಂಟು ಬಿಟ್ಟ ಕೋಶ ಊರು ಬಿಡಲು ಸಿದ್ಧ. ಕ್ಯಾನ್ಸರ್ ಹರಡುವ ಹಲವು ದಾರಿಗಳಲ್ಲಿ ಇದೊಂದು.

ಗಾಯ ಮಾಯಿಸುವುದೂ ಗಡ್ಡೆ ತಡೆಯುವುದೂ ಒಂದೇ ಕೈಯ ಕೆಲಸವೆಂದರೆ ಅರ್ಥವಿದೆ. ಗಾಯದ ಅಂಚಿನ ಕೋಶ ಬೇಗ ಒಡೆಯಬೇಕು, ಜಾಗ ಬಿಟ್ಟು ಸರಿಯಬೇಕು. ಗಡ್ಡೆಯ ಕೋಶ ಮಾಡುವುದೂ ಅದನ್ನೇ. ಅಂಚುಗಳು ಕೂಡಿದ ಮೇಲೆ ಸಾಕು ಎನ್ನುವುದು ಗಾಯದಲ್ಲಿ ಉಂಟು, ಗಡ್ಡೆಯಲ್ಲಿ ಇಲ್ಲ. ದಿನವೂ ತಿಕ್ಕಿಸಿಕೊಳ್ಳುವ, ಮಾಯಲು ಬಿಡುವು ಸಿಗದ ಜಾಗದಲ್ಲಿ ಸಾಕು ಎನ್ನುವ ಹೊತ್ತೇ ಬರುವುದಿಲ್ಲ.

ಬ್ಯಾಡಗಿ ಮಾರುಕಟ್ಟೆ

ಸುಗ್ಗಿಯಲ್ಲಿ ಬ್ಯಾಡಗಿಗೆ ಇಳಿದವರು ಮೊದಲು ಕೆಮ್ಮುತ್ತಾರೆ, ಆಮೇಲೆ ನೋಡುತ್ತಾರೆ. ಕಣ್ಣು ಹಾಯುವಷ್ಟು ದೂರ ಕೆಂಪು ರಾಶಿ, ಚೀಲ, ಹಮಾಲರು, ಸಾಲಾಗಿ ಕೂತು ತೊಟ್ಟು ಮುರಿಯುವ ಹೆಂಗಸರು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಡಬ್ಬಿ, ಕಡ್ಡಿ ಎಂಬ ಅದರ ಎರಡು ಬಗೆಗಳೂ ಹಾಗೇ. ಕಾಯಿಯ ಸುಕ್ಕಾದ ಹೊರಸಿಪ್ಪೆಯಲ್ಲಿ ಖಾರ ಹುಟ್ಟುವುದಿಲ್ಲ. ಒಳಗೆ ಬೀಜ ಅಂಟಿಕೊಂಡಿರುವ ಬಿಳಿ ತಿರುಳಿದೆಯಲ್ಲ, ಅದರ ಮೇಲ್ಮೈಯ ಒಂದು ಪದರದ ಕೋಶಗಳು ಖಾರವನ್ನು ತಯಾರಿಸುತ್ತವೆ. ಗಿಡಕ್ಕೂ ಹೊದಿಕೆಯಿದೆ, ಅದನ್ನು ಆಳುವ ನಿಯಂತ್ರಕಗಳಿವೆ. ಯಾವ ಪದರದಲ್ಲಿ ಖಾರ ತಯಾರಾಗಬೇಕು ಎಂಬುದನ್ನು ಹೇಳುವವರು ಅಲ್ಲೂ ಇದ್ದಾರೆ.

ತೊಟ್ಟು ಮುರಿಯುವ ಕೈ ಉರಿಯುತ್ತದೆ. ಅಷ್ಟು ಉರಿದರೂ ಚರ್ಮ ಸುಟ್ಟಿರುವುದಿಲ್ಲ. ಖಾರದ ಕಣ ಹೋಗಿ ಕೂರುವುದು ನರದ ತುದಿಯಲ್ಲಿ. 43 ಡಿಗ್ರಿ ದಾಟಿದ ಬಿಸಿಗೆ ತೆರೆದುಕೊಳ್ಳುವ ಬಾಗಿಲನ್ನೇ ಅದು ತೆರೆಯುತ್ತದೆ. 1997ರಲ್ಲಿ ಡೇವಿಡ್ ಜೂಲಿಯಸ್ ಈ ಬಾಗಿಲನ್ನು ಕಂಡುಹಿಡಿದರು, 2021ರಲ್ಲಿ ಅವರಿಗೆ ನೊಬೆಲ್ ಬಂತು. ಹಕ್ಕಿಗಳ ಬಾಗಿಲು ಖಾರಕ್ಕೆ ತೆರೆಯುವುದಿಲ್ಲ. ಗಿಳಿ ಮೆಣಸಿನಕಾಯಿಯನ್ನು ನೆಮ್ಮದಿಯಿಂದ ಕುಕ್ಕುವುದು ಅದಕ್ಕೇ. ಧೂಳು ಮೂಗಿಗೆ ಹೋದಾಗ ಸೀನು ಬರುತ್ತದೆ, ಲೋಳೆ ಇಳಿಯುತ್ತದೆ, ಸೂಕ್ಷ್ಮ ರೋಮಗಳು ಅದನ್ನು ಗುಡಿಸಿ ಸಾಗಿಸುತ್ತವೆ. ಇಲ್ಲಿ ಕೆಲಸ ಮಾಡುವವರ ಮೂಗಿನ ಒಳಮೈಯೂ ಎತ್ತಿನ ಕೋಡಿನ ಒಳಮೈಯೂ ಒಂದೇ ನೇಯ್ಗೆಯವು.

ಅದೇ ಮಾರುಕಟ್ಟೆಯಲ್ಲಿ, ಚೀಲ ಹೊರುವವರ ದವಡೆಯಲ್ಲಿ, ಸದ್ದಿಲ್ಲದೆ ಇನ್ನೊಂದು ಕೂತಿರುತ್ತದೆ. ಅಡಿಕೆ, ಸುಣ್ಣ, ತಂಬಾಕು. ಉರಿಯಿಲ್ಲ, ಸೀನಿಲ್ಲ, ದಣಿವಿಗೆ ಹಿತ. ಬರೀ ಅಡಿಕೆಯೂ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು. ದವಡೆಯ ಒಳಮೈ ದಿನವೂ ಗಾಯವಾಗುತ್ತ, ದಿನವೂ ಅರ್ಧ ಮಾಯುತ್ತ ಹೋಗುತ್ತದೆ. ಬಿಳಿ ಮಚ್ಚೆ, ಕೆಂಪು ಮಚ್ಚೆ, ಆಮೇಲೆ ಬಾಯಿ ಪೂರ್ತಿ ತೆರೆಯಲಾಗದ ಬಿಗಿ. ತಂಬಾಕಿನಿಂದ ಬರುವ ಬಾಯಿಯ ಕ್ಯಾನ್ಸರ್‌ಗಳ ಬಹುಪಾಲಿನಲ್ಲಿ ಪಿ53 ಕೆಟ್ಟಿರುತ್ತದೆ. ಬ್ಯಾಡಗಿಯಲ್ಲಿ ನಿಂತವರು ಇದನ್ನು ಕಲಿಯಬಹುದು: ಹೊದಿಕೆಗೆ ಆಗುವ ಹಾನಿಯನ್ನು ಉರಿಯಿಂದ ಅಳೆಯಬಾರದು.

ಕಾಗಿನೆಲೆ ರಸ್ತೆಯ ಹೊಂಗೆ

ಬ್ಯಾಡಗಿಯಿಂದ ಕಾಗಿನೆಲೆಗೆ ಹೋಗುವ ದಾರಿಯಲ್ಲಿ ಹೊಂಗೆಯ ಎಲೆ ಕಿತ್ತು ನೋಡಿದರೆ ಮೈತುಂಬ ಹಸಿರು ಗಂಟುಗಳು. ಕಣ್ಣಿಗೆ ಕಾಣದ ಒಂದು ಜಾತಿಯ ನುಸಿಯ ಕೆಲಸ. ನುಸಿ ಕಚ್ಚಿದ ಜಾಗದಲ್ಲಿ ಎಲೆಯ ಕೋಶಗಳು ಉಬ್ಬಿ, ಒಡೆದು ಅದಕ್ಕೊಂದು ಗೂಡು ಕಟ್ಟಿಕೊಡುತ್ತವೆ. ಗಂಟು ಅಲ್ಲಿಗೆ ನಿಲ್ಲುತ್ತದೆ, ಮರದ ಬೇರೆ ಅಂಗಕ್ಕೆ ಅದು ಹೋಗುವುದಿಲ್ಲ. ಗಿಡದ ಕೋಶಕ್ಕೆ ಗಟ್ಟಿ ಗೋಡೆಯಿದೆ, ನೆರೆಯದಕ್ಕೆ ಹುಟ್ಟಿನಿಂದಲೇ ಅಂಟಿರುತ್ತದೆ, ಎದ್ದು ಹೋಗಲು ಬಾರದು. ಪ್ರಾಣಿಯ ಕೋಶಕ್ಕೆ ಆ ಗೋಡೆಯಿಲ್ಲ. ಅದರ ಅಂಟನ್ನು ಪ್ರತಿದಿನ ಹೊಸದಾಗಿ ಮಾಡುತ್ತಿರಬೇಕು, ಮಾಡು ಎಂದು ಯಾರಾದರೂ ಹೇಳುತ್ತಿರಬೇಕು.

ಹೇಳುವವರು ಒಬ್ಬಿಬ್ಬರು ತಪ್ಪಿದರೂ ಹೊದಿಕೆ ತಡೆದುಕೊಳ್ಳುತ್ತದೆ ಎಂಬುದು ಇತ್ತೀಚಿನ ಸುದ್ದಿ. 2015ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ನಾಲ್ಕು ಜನರ ಬಿಸಿಲು ಕಂಡ ಕಣ್ಣುರೆಪ್ಪೆಯ ಆರೋಗ್ಯವಂತ ಚರ್ಮವನ್ನು 234 ಚೂರು ಮಾಡಿ ಓದಿದರು. ಸುಮಾರು ನಾಲ್ಕರಲ್ಲೊಂದು ಪಾಲು ಕೋಶಗಳಲ್ಲಿ ಕ್ಯಾನ್ಸರಿನ ಕಡೆ ದೂಡುವ ಮ್ಯುಟೇಶನ್ ಇತ್ತು, ನಾಚ್ ಮತ್ತು ಪಿ53 ಜೀನ್‌ಗಳಲ್ಲೂ ಇತ್ತು. ರೆಪ್ಪೆ ಮಾತ್ರ ರೆಪ್ಪೆಯಾಗಿಯೇ ಕೆಲಸ ಮಾಡುತ್ತಿತ್ತು. 2017ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಜೀವಂತ ಇಲಿಯ ಚರ್ಮದಲ್ಲಿ ತಪ್ಪಾಗಿ ಬೆಳೆದ ಗುಪ್ಪೆಗಳನ್ನು ಸೂಕ್ಷ್ಮದರ್ಶಕದಡಿ ದಿನಗಟ್ಟಲೆ ಹಿಂಬಾಲಿಸಿದರು. ಸುತ್ತಲಿನ ನೆಟ್ಟಗಿನ ಕೋಶಗಳು ಅವನ್ನು ಸುತ್ತುವರಿದು ಹೊರದೂಡಿದವು. ಕೆಟ್ಟ ಕೋಶ ಎಲ್ಲರ ಮೈಯಲ್ಲೂ ಇದೆ. ಅದು ಗಡ್ಡೆಯಾಗುವುದು ನೆರೆಹೊರೆಯ ಪಟ್ಟೂ ಸಡಿಲಾದಾಗ.

ಕಾರಹುಣ್ಣಿಮೆ

ಕಾರಹುಣ್ಣಿಮೆಯ ದಿನ ಎತ್ತುಗಳನ್ನು ಹಳ್ಳಕ್ಕೆ ಇಳಿಸಿ ಮೈ ತೊಳೆಯುತ್ತಾರೆ. ಕೋಡಿಗೆ ಬಣ್ಣ ಬಳಿದು, ಕೋಡಣಸು ಹಾಕಿ, ಗೊಂಡೆ ಕಟ್ಟುತ್ತಾರೆ. ಹಳ್ಳಿಯ ಪ್ರತಿಯೊಂದು ಎತ್ತಿನ ಕೋಡೂ ಮನುಷ್ಯನ ಕೈಗೆ ಪೂರ್ತಿಯಾಗಿ ಸಿಗುವ ದಿನ ಇದು. ಪಶುವೈದ್ಯರು ಹೇಳುವ ಪರೀಕ್ಷೆಗೆ ಬೇಕಾದ್ದೂ ಅಷ್ಟೇ. ಬುಡ ಒಂದು ಕಡೆ ಬಿಸಿಯಿದೆಯೇ, ಒತ್ತಿದರೆ ನೋವಿದೆಯೇ, ಎರಡೂ ಕೋಡು ಒಂದೇ ಸಮ ಬಿಗಿಯಿವೆಯೇ, ಯಾವುದಾದರೂ ಒಂದು ಮೂಗಿನಲ್ಲಿ ರಕ್ತ ಅಥವಾ ಕೀವಿನ ಕಲೆಯಿದೆಯೇ. ಬೇಗ ಗೊತ್ತಾದರೆ ಮದ್ದು ಚುಚ್ಚಿ ಜಾಗ ಮರಗಟ್ಟಿಸಿ ಕೋಡನ್ನು ಬುಡಸಮೇತ ತೆಗೆದು ಚರ್ಮ ಹೊಲಿಯುತ್ತಾರೆ. ಒಂಟಿಗೋಡಿನ ಎತ್ತು ಮತ್ತೆ ನೊಗಕ್ಕೆ ಹೆಗಲು ಕೊಡುತ್ತದೆ. ಮೂಳೆ ದಾಟಿ ತಲೆಬುರುಡೆಗೆ ಇಳಿದ ಮೇಲೆ ಕೊಯ್ದರೂ ಮತ್ತೆ ಬರುತ್ತದೆ. ಬಾಯಿಯ ಹುಣ್ಣಿಗೂ ನಿಯಮ ಇದೇ: ಎರಡು ವಾರ ಕಳೆದರೂ ಮಾಯದಿದ್ದರೆ ವೈದ್ಯರಿಗೆ ತೋರಿಸಬೇಕು.

ಮನುಷ್ಯ ನೋವೆಂದು ಬಾಯಿಬಿಟ್ಟು ಹೇಳಿಯಾನು. ಎತ್ತಿಗೆ ತಲೆ ಕೊಡವುವುದೊಂದೇ ಗೊತ್ತು, ನೊಣಕ್ಕೂ ಅದು ಹಾಗೇ ಕೊಡವುತ್ತದೆ. ನೊಣವಿಲ್ಲದ ಹೊತ್ತಿನಲ್ಲೂ ಒಂದೇ ಕಡೆಗೆ ಕೊಡವುತ್ತಿದ್ದರೆ ಆ ಕಡೆಯ ಕೋಡಿನ ಬುಡಕ್ಕೆ ಕೈ ಹಾಕಿ ನೋಡಿ, ಅದೇ ವಾರ ಪಶುವೈದ್ಯರನ್ನು ಕರೆಸಿ.